ಕೈಗೆ ಬರುವ ಚೆಂಡು

“ನನ್ನ ಆಟದಲ್ಲಿ ಎಂತ ತಪ್ಪು ಜಟ್ಟಣ್ಣ, ಹೇಳು ಮಾರಾಯ!” ಮುಂಬಯಿಯ ಟೆನಿಸ್ ಫೈನಲ್‌ನಲ್ಲಿ ಎರಡನೇ ವರ್ಷವೂ ಸೋತು ಹೊನ್ನಾವರಕ್ಕೆ ಮರಳಿದ್ದ ಮುಕ್ತಾ ಬಲೆಯಾಚೆಯಿಂದ ಕೂಗಿದಳು. ಜಟ್ಟ ಚೆಂಡು ಹಿಡಿದು ನಿಂತುಬಿಟ್ಟ.

ತಪ್ಪು ಅವನಿಗೆ ಈಗಷ್ಟೇ ಕಂಡಿತ್ತು. ಬೆಳಗಿನಿಂದ ಅವಳು ಹೊಡೆದ ಚೆಂಡೆಲ್ಲ, ಎಷ್ಟೇ ಜೋರಾಗಿದ್ದರೂ, ನೇರ ಅವನ ಕೈಗೇ ಬರುತ್ತಿತ್ತು. ಸಾಹೇಬರು ಓಡಬಾರದು, ಚೆಂಡು ಅವರ ಬ್ಯಾಟಿಗೇ ಹೋಗಿ ಬೀಳಬೇಕು. ಕ್ಲಬ್ಬಿನಲ್ಲಿ ಆಟ ಆಡಿಸುವ ಮಾರ್ಕರನ ಮರ್ಯಾದೆ ಅದು. ಇಪ್ಪತ್ತು ವರ್ಷ ಮಾಮಲೇದಾರರನ್ನೂ ಮುನ್ಸೀಫರನ್ನೂ ಹಾಗೆಯೇ ಆಡಿಸಿದ ಜಟ್ಟ, ಡಾಕ್ಟರರ ಈ ಮಗಳಿಗೂ ಎಂಟನೇ ವಯಸ್ಸಿನಿಂದ ಅದನ್ನೇ ಕಲಿಸಿಬಿಟ್ಟಿದ್ದ.

“ತಪ್ಪು ನಿಮ್ದಲ್ಲ ಅಮ್ಮಾ, ನಂದು,” ಎಂದವನೇ ಬರಿಗಾಲನ್ನು ಕೆಮ್ಮಣ್ಣಿಗೆ ಊರಿ, ಜನ್ಮದಲ್ಲಿ ಮೊದಲ ಸಲ, ಎದುರಿಗೆ ಯಾರೂ ಇಲ್ಲದ ಮೂಲೆಗೆ ಬೀಸಿ ಹೊಡೆದ. ಮುಕ್ತಾ ಓಡಿದಳು, ಜಾರಿ ಬಿದ್ದಳು, ಮೊಣಕಾಲು ತರಚಿತು. ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಡಾಕ್ಟರರು ದಡಬಡಿಸಿ ಎದ್ದರು.

ಜಟ್ಟ ಅವರತ್ತ ನೋಡಲೇ ಇಲ್ಲ. “ಏಳು ತಂಗಿ,” ಎಂದ. ಅವಳು ಎದ್ದು ನಿಂತದ್ದೇ ತಡ, ಇನ್ನೊಂದು ಚೆಂಡನ್ನು ಆಚೆಯ ಮೂಲೆಗೆ ಅಟ್ಟಿದ. ಈ ಸಲ ಅದು ತಿರುಗಿ ಬಂದಾಗ ಜಟ್ಟನ ಕೈಗೆ ಸಿಗಲಿಲ್ಲ.