ಮಾತು ಮುಗಿಯುವವರೆಗೆ

"ಇವ್ರಿಗೆ ರಾತ್ರಿ ನಿದ್ದೆ ಬರಲ್ಲ ಡಾಕ್ಟ್ರೇ, ಅಷ್ಟೇ," ಎಂದು ಸುಪ್ರಿಯಾ ಹೇಳುತ್ತಿದ್ದಂತೆ ಷಣ್ಮುಖ ಹೆಂಡತಿಯ ಮೊಣಕೈ ಹಿಡಿದು ತಡೆದ. ಸಾಗರದ ಆಸ್ಪತ್ರೆಯ ಆ ಸಣ್ಣ ಕೋಣೆಯಲ್ಲಿ ಮನೋವೈದ್ಯೆ ತಲೆಯೆತ್ತಿ ಅವನನ್ನು ನೋಡಿದರು.

"ಅಷ್ಟೇ ಅ... ಅ... ಅಲ್ಲ," ಎಂದ.

ಚಿಕ್ಕಂದಿನಿಂದಲೂ ಅವನು ಉಗ್ಗಿದಾಗೆಲ್ಲ ಬೇರೆಯವರೇ ಮಾತು ಮುಗಿಸುತ್ತಿದ್ದರು. ಮನೆಯವರು ಅದನ್ನು ಪ್ರೀತಿಯಿಂದ ಮಾಡಿದರೆ, ಹೊಸನಗರದ ಗ್ಯಾರೇಜಿನಲ್ಲಿ ಜೊತೆಗೆ ಕೆಲಸ ಮಾಡುವವರಿಗೆ ಅದೊಂದು ಆಟ. ಹೋದ ತಿಂಗಳು ಅವನು ಗಿರಾಕಿಯೆದುರು ತಡವರಿಸುತ್ತಿದ್ದುದನ್ನು ಅವರು ವಿಡಿಯೊ ಮಾಡಿ ವಾಟ್ಸ್ಆ್ಯಪಿನಲ್ಲಿ ಊರಿಗೆಲ್ಲ ಹರಿಬಿಟ್ಟಿದ್ದರು. ಅಂದಿನಿಂದ ಷಣ್ಮುಖ ಗ್ಯಾರೇಜಿಗೂ ಹೋಗಿರಲಿಲ್ಲ, ಮನೆಯಲ್ಲೂ ಬಾಯಿ ಬಿಟ್ಟಿರಲಿಲ್ಲ. ಆದರೆ ಈ ದಿನ ಬೆಳಿಗ್ಗೆ, ಆಸ್ಪತ್ರೆಗೆ ಹೋಗಬೇಕು ಎಂದವನು ಅವನೇ.

"ನಂಗೆ ಸಾ... ಸಾ..."

"ಸಾಕಾಗಿದೆ ಅಂತಿದಾರೆ," ಎಂದಳು ಸುಪ್ರಿಯಾ.

ಅವನು ಅಲ್ಲವೆಂದು ತಲೆಯಾಡಿಸಿದ. ವೈದ್ಯೆ ಪೆನ್ನು ಕೆಳಗಿಟ್ಟು, "ಅವ್ರೇ ಹೇಳ್ಲಿ. ನಿಧಾನ ಆದ್ರೂ ಪರ್ವಾಗಿಲ್ಲ, ನಾನು ಕಾಯ್ತೀನಿ," ಎಂದರು. ಹೊರಗಿನಿಂದ ಯಾರೋ ಬಾಗಿಲು ತಟ್ಟಿದರೂ ಅತ್ತ ತಿರುಗಲಿಲ್ಲ. ಕುರ್ಚಿಯ ಅಂಚನ್ನು ಬಿಗಿಹಿಡಿದ ಷಣ್ಮುಖನ ಬೆರಳುಗಳು ಬಿಳಿಚಿದವು. ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು, ಮತ್ತೆ ಸಿಕ್ಕಿಕೊಂಡಿತು. ಅವನು ಬಿಡಲಿಲ್ಲ.

"ಸಾಯ್ಬೇಕು ಅನ್ಸುತ್ತೆ."

ಸುಪ್ರಿಯಾ ಅವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಹೇಳಿದ್ದು ಒಳ್ಳೇದಾಯ್ತು," ಎಂದರು ವೈದ್ಯೆ. "ಇದಕ್ಕೆ ಚಿಕಿತ್ಸೆ ಇದೆ. ಇವತ್ತೇ ಶುರು ಮಾಡೋಣ."

"ಇ... ಇನ್ನೂ ಇದೆ," ಎಂದ ಷಣ್ಮುಖ.

ಇಬ್ಬರೂ ಸುಮ್ಮನೆ ಕಾದರು.