ಒಂದೇ ಸೂರಿನ ಪೆಟ್ಟು

ಆ ದೇಶದಲ್ಲಿ ಒಂದೇ ಸೂರಿನಡಿ ಬಾಳುವವರಿಗೆ ಪೆಟ್ಟೂ ಒಂದೇ. ಒಬ್ಬರಿಗೆ ಬಿದ್ದರೆ ಮನೆಮಂದಿಗೆಲ್ಲ ಗಾಯವಾಗುತ್ತಿತ್ತು. ಕೊಪ್ಪಳದಿಂದ ಓದಲು ಬಂದ ಹುಲಿಗೆಮ್ಮನಿಗೆ ಮೊದಮೊದಲು ದಿಗಿಲಾದರೂ ಈಗ ಒಗ್ಗಿಹೋಗಿತ್ತು. ಮನೆಯಲ್ಲಿ ಜೊತೆಗಿದ್ದವರು ಎಲ್ಲೋ ಜಾರಿಬಿದ್ದರೆ ತನ್ನ ಮಂಡಿಗೆ ಅರಿಸಿನ ಹಚ್ಚಿಕೊಂಡು ಕ್ಲಾಸಿಗೆ ಹೋಗುತ್ತಿದ್ದಳು.

ಅವತ್ತು ಸಂಜೆ ರೊಟ್ಟಿ ತಟ್ಟುತ್ತಿದ್ದಾಗ ಅವಳ ದವಡೆಗೆ ಫಟ್ಟನೆ ಏಟು ಬಿತ್ತು. ಪಕ್ಕದಲ್ಲಿದ್ದ ನೇಪಾಳದ ಪವಿತ್ರಾಳ ತುಟಿಯೂ ಒಡೆಯಿತು.

"ಟೆಸ್ಫಾಯೆಗೆ ಹೊಡೀತಿದ್ದಾರೆ," ಎಂದಳು ಪವಿತ್ರಾ, ಹತ್ತಿ ಹುಡುಕುತ್ತ. ಅದೇ ಮನೆಯಲ್ಲಿದ್ದ ಇಥಿಯೋಪಿಯಾದ ಆ ಹುಡುಗನೊಬ್ಬನೇ ಹೊರಗೆ ಹೋಗಿದ್ದ. "ಪರದೇಶದವರನ್ನ ಕಂಡ್ರೆ ಕೆಲವರಿಗೆ ಆಗಲ್ಲ. ಕೂತ್ಕೋ, ಸ್ವಲ್ಪ ಹೊತ್ತಲ್ಲಿ ನಿಲ್ಲುತ್ತೆ."

ಪಕ್ಕೆಗೆ ಒದೆ ಬಿತ್ತು. ಹುಲಿಗೆಮ್ಮ ಬಾಗಿಲಲ್ಲಿದ್ದ ಹಿಮ ತೆಗೆಯುವ ಸಲಿಕೆ ಎತ್ತಿಕೊಂಡು ಓಡಿದಳು.

ಬೀದಿಯ ತಿರುವಿನಲ್ಲಿ ಟೆಸ್ಫಾಯೆ ಬಿದ್ದಿದ್ದ. ಎದುರುಮನೆಯ ಯುವಕ ಅವನನ್ನು ತುಳಿಯುತ್ತಿದ್ದ. ಪ್ರತಿ ತುಳಿತಕ್ಕೂ ತೂರಾಡುತ್ತ ಹೋದ ಹುಲಿಗೆಮ್ಮ ಸಲಿಕೆಯಿಂದ ಆ ಯುವಕನ ಹಣೆಗೆ ಬಾರಿಸಿದಳು.

ಎದುರಿನ ಮಹಡಿಯಲ್ಲಿ ಮಗುವೊಂದು ಚೀರಿತು. ಕಿಟಕಿಯಲ್ಲಿ ಅವನ ಪುಟ್ಟ ತಂಗಿ ನಿಂತಿದ್ದಳು. ಅವಳ ಹಣೆಯೂ ಒಡೆದು ಕಣ್ಣಿಗೆ ರಕ್ತ ಇಳಿಯುತ್ತಿತ್ತು.

"ಮೇಲೆ ನೋಡು," ಎಂದಳು ಹುಲಿಗೆಮ್ಮ. "ನಿನ್ನ ತಂಗಿ."

ಅವನು ನೋಡಿದ. ನೋಡಿಯೂ ಕಾಲೆತ್ತಿದ.

ಸಲಿಕೆ ಮತ್ತೆ ಬೀಸಲು ಅವಳ ಕೈ ಏಳಲಿಲ್ಲ. ಅದನ್ನು ಎಸೆದು ಟೆಸ್ಫಾಯೆಯ ಮೇಲೆ ಕವುಚಿಕೊಂಡಳು. ತಾನು ಅಡ್ಡ ಬಿದ್ದರೂ ಅವನಿಗೆ ನೋವು ತಪ್ಪುವುದಿಲ್ಲವೆಂದು ಗೊತ್ತಿತ್ತು. ಆದರೂ ಒದೆಗಳು ನಿಲ್ಲುವ ತನಕ ಅವಳು ಅಲುಗಲಿಲ್ಲ.