ಬಂಕಿನ ಮುಂದಿನ ಅಂಚುಕಲ್ಲು

“ನಿನ್ನ ಕೈಗೆ ಕರಣೆ ಕೊಟ್ಟವರನ್ನ ಹೇಳ್ಬೇಕು. ನಿಮ್ಮಣ್ಣ ಇವತ್ತು ಎಲ್ಲಿ ಹೋಗಿ ನಿಂತಿದ್ರು ಗೊತ್ತಾ? ಲಾರಿ ಮುಂದೆ. ಡ್ರೈವರ್ ಪುಣ್ಯಾತ್ಮ, ಬ್ರೇಕ್ ಹಾಕಿದ. ಇಲ್ದಿದ್ರೆ ನಾನು ನಿನ್ನ ಬೈಯೋಕೂ ಬರ್ತಿರ್ಲಿಲ್ಲ.”

ಹೊಸದಾಗಿ ಕಟ್ಟಿದ ಪೆಟ್ರೋಲ್ ಬಂಕಿನ ಅಂಗಳದಲ್ಲಿ ನಿಂತು ಅತ್ತಿಗೆ ಕೂಗುತ್ತಿದ್ದಳು. ಪೆಟ್ರೋಲ್ ಹಾಕಿಸಿಕೊಳ್ಳಲು ಬಂದವರೆಲ್ಲ ಕತ್ತು ತಿರುಗಿಸಿ ನೋಡುತ್ತಿದ್ದರು. ಹಿಂಬದಿಯ ಗೋಡೆಗೆ ಗಾರೆ ಮೆತ್ತುತ್ತಿದ್ದ ಮೇಸ್ತ್ರಿ ಕರಣೆಯನ್ನು ಬಾಣಲೆಗೆ ಎಸೆದು ಓಡಿ ಬಂದ. ಅತ್ತಿಗೆಯ ಹಿಂದೆ, ಕೋಲನ್ನು ಎದೆಗೆ ಆನಿಸಿಕೊಂಡು, ಅಣ್ಣ ನಿಂತಿದ್ದ. ಹುಟ್ಟಿನಿಂದಲೇ ಕಣ್ಣು ಕಾಣದವನು. ಬಂಕಿನಾಚೆ ಬೆತ್ತದ ಕುರ್ಚಿ ಹೆಣೆಯುವ ಅಂಗಡಿಯಲ್ಲಿ ಅವನ ಕೆಲಸ. ಅಲ್ಲಿಗೆ ಮದುವೆಗೆ ಮೊದಲಿನಿಂದಲೂ ಒಬ್ಬನೇ ಹೋಗಿ ಒಬ್ಬನೇ ಬರುತ್ತಿದ್ದ. ದಾರಿಯಲ್ಲಿ ಯಾರಾದರೂ ಕನಿಕರದಿಂದ ಕೈ ಹಿಡಿದರೆ ಕೆಂಡ ತಗುಲಿದವನಂತೆ ಕೊಡವಿಕೊಳ್ಳುತ್ತಿದ್ದ.

“ಅತ್ತಿಗೆ, ಸ್ವಲ್ಪ ಮೆಲ್ಲಗೆ. ಬಂಕಿನ ಯಜಮಾನರು ಒಳಗಿದ್ದಾರೆ.”

“ಅವರೂ ಕೇಳಿಸ್ಕೊಳ್ಳಲಿ. ಫುಟ್‌ಪಾತ್ ಎಲ್ಲಿಟ್ಟಿದ್ದೀಯ, ಅದನ್ನ ತೋರ್ಸು ಮೊದ್ಲು.”

ತೋರಿಸುವುದೇನು, ಅವಳು ನಿಂತಿದ್ದದ್ದೇ ಅದರ ಮೇಲೆ. ಇಲ್ಲೇ ಇದ್ದ ಹಳೆಯ ಬಂಕಿನ ಮುಂದೆ ಫುಟ್‌ಪಾತಿಗೆ ಗೇಣೆತ್ತರದ ಅಂಚುಕಲ್ಲುಗಳಿದ್ದವು. ಅರ್ಧಕ್ಕರ್ಧ ಮುರಿದು, ಹಲ್ಲುದುರಿದ ಬಾಯಿಯ ಹಾಗಿದ್ದವು. ಅವಕ್ಕೆ ಎಡವಿ ಅಣ್ಣ ಹೆಬ್ಬೆರಳು ಒಡೆದುಕೊಂಡು ಮನೆಗೆ ಬಂದದ್ದನ್ನು ಮೇಸ್ತ್ರಿ ಕಂಡಿದ್ದ. ಹೊಸ ಬಂಕಿನ ನಕ್ಷೆಯಲ್ಲೂ ಅಂಚುಕಲ್ಲು ಇದ್ದೇ ಇತ್ತು. ಬೇಡ ಎಂದವನು ಇವನೇ. ಎಂಜಿನಿಯರ್ ಜೊತೆ ವಾದಕ್ಕೆ ಬಿದ್ದು, ಯಜಮಾನರ ಬೆನ್ನು ಹತ್ತಿ, ರಸ್ತೆ, ಫುಟ್‌ಪಾತ್, ಬಂಕಿನ ಅಂಗಳ ಮೂರನ್ನೂ ಒಂದೇ ಮಟ್ಟಕ್ಕೆ ತಂದು ತಟ್ಟೆಯ ಹಾಗೆ ನುಣ್ಣಗೆ ತಿಕ್ಕಿದ್ದ. ಅಣ್ಣನಿಗೆ ಮಾತ್ರ ಹೇಳಿರಲಿಲ್ಲ. ನಡೆದು ನೋಡಿ ಅವನೇ ಹಿಗ್ಗಲಿ ಎಂದುಕೊಂಡಿದ್ದ. ನಿನ್ನೆಯವರೆಗೆ ಸುತ್ತಲೂ ತಗಡಿನ ಬೇಲಿ ಇತ್ತು, ಅಣ್ಣ ಅದನ್ನು ತಟ್ಟಿಕೊಂಡು ಹೋಗುತ್ತಿದ್ದ. ಇವತ್ತು ಬೆಳಿಗ್ಗೆ ಬೇಲಿ ತೆಗೆದಿದ್ದರು.

“ಎಡವಬಾರ್ದು ಅಂತ ಮಾಡಿದ್ದು ಅತ್ತಿಗೆ. ಇವನಿಗೋಸ್ಕರಾನೇ ಮಾಡಿದ್ದು.”

ಆಗ ಅಣ್ಣ ಬಾಯಿ ತೆರೆದ. “ಆ ಕಲ್ಲು ತಟ್ಕೊಂಡೇ ಅಲ್ವೇನೋ ನಾನು ಅಂಗಡಿ ಸೇರ್ತಾ ಇದ್ದದ್ದು? ಇವತ್ತು ಕೋಲು ಎಲ್ಲಿ ಆಡಿಸಿದ್ರೂ ನುಣ್ಣಗೆ. ರಸ್ತೆಯೋ, ಬಂಕೋ, ಯಾರದಾದ್ರೂ ಮನೆ ಹಜಾರವೋ, ಒಂದೂ ಗೊತ್ತಾಗ್ಲಿಲ್ಲ. ಎಡವಿದ್ರೆ ಬೆರಳು ಹೋಗ್ತಿತ್ತು, ಅಷ್ಟೇ ತಾನೆ.”

ಮೇಸ್ತ್ರಿಯ ಮುಖ ಇಳಿದುಹೋಯಿತು. ನೆಟ್ಟಗೆ ಒಳಗೆ ಹೋಗಿ ಯಜಮಾನರನ್ನು ಹೊರಗೆ ಕರೆತಂದ. ಅಂಚುಕಲ್ಲು ಮತ್ತೆ ಹಾಕಿಕೊಡುತ್ತೇನೆ, ಕೂಲಿ ಬೇಡ, ಕಲ್ಲೂ ತನ್ನದೇ ಎಂದ.

ಯಜಮಾನರು ನಕ್ಕರು. “ತಮಾಷೆ ಮಾಡ್ತೀಯೇನಯ್ಯ? ಬೇಡ ಅಂತ ನನ್ನ ತಲೆ ತಿಂದವನು ನೀನೇ. ಈಗ ನೋಡು, ಗಾಡಿಗಳು ಯಾವ ಕಡೆಯಿಂದ ಬೇಕಾದ್ರೂ ಒಳಗೆ ನುಗ್ತವೆ. ಒಳ್ಳೆ ತಲೆ ನಿಂದು. ಇವರಿಗೆ ದಿನಾ ಒಂದು ಆಟೋ ಮಾಡ್ಕೊಡಪ್ಪ, ಮುಗೀತು.”

ಅಷ್ಟರಲ್ಲಿ ಬೈಕೊಂದು ಫುಟ್‌ಪಾತಿನ ಮೇಲೆ ಅಡ್ಡ ನುಗ್ಗಿ ಬಂದು, ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ಹೆಂಗಸಿನ ಸೊಂಟಕ್ಕೆ ತಾಗುವಂತೆ ನಿಂತಿತು. “ಏನಮ್ಮ, ಫುಟ್‌ಪಾತ್ ಮೇಲೆ ನಡೆಯೋಕೆ ಏನು ಕಷ್ಟ ನಿಂಗೆ?” ಎಂದು ಬೈಕಿನವನು ರೇಗಿದ. “ಮತ್ತೆ ಯಾತರ ಮೇಲೆ ನಡೀತಿದ್ದೀನಿ?” ಎಂದಳು ಅವಳು. ಇಬ್ಬರೂ ಬಗ್ಗಿ ನೆಲ ನೋಡಿದರು. ಯಾತರ ಮೇಲೆ ಎಂದು ಇಬ್ಬರಿಗೂ ತಿಳಿಯಲಿಲ್ಲ. ಯಜಮಾನರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

“ನಾಳೆಯಿಂದ ನಾನೇ ಗಾಡೀಲಿ ಬಿಡ್ತೀನಿ ಅಣ್ಣ,” ಎಂದ ಮೇಸ್ತ್ರಿ.

“ನೀನು ಬಿಟ್ಟಹಾಗೇ ಇದೆ. ಎದ್ದೇಳೋದೇ ಸೂರ್ಯ ನೆತ್ತಿಗೆ ಬಂದಾಗ. ನಾನೇ ಕೈ ಹಿಡ್ಕೊಂಡು ಹೋಗ್ತೀನಿ,” ಎಂದಳು ಅತ್ತಿಗೆ.

“ನಿಮಗೆ ಮನೆ ಕೆಲಸ ಇಲ್ವಾ? ಬೆಳಿಗ್ಗೆ ನಾನು, ಸಂಜೆ ನೀವು.”

“ಸಂಜೆ ನಂಗೆಲ್ಲಿ ಬಿಡುವು? ಅಂಗಡಿಯವರಿಗೆ ಹೇಳು, ಕುರ್ಚಿ ಮನೆಗೇ ಕಳಿಸ್ಲಿ. ಇವರು ಒಳಗೇ ಕೂತು ಹೆಣೀಲಿ.”

“ನಾನೇನು ಗ್ಯಾಸ್ ಸಿಲಿಂಡರೇ?” ಎಂದ ಅಣ್ಣ. “ಎಂಜಿನಿಯರನ್ನ ಕೇಳ್ದೆ, ಯಜಮಾನರನ್ನ ಕೇಳ್ದೆ. ಒಂದೇ ಮನೇಲಿ ಎದುರುಬದುರು ಕೂತು ಉಣ್ತೀವಲ್ಲೋ, ನನ್ನನ್ನ ಒಂದು ಮಾತು ಕೇಳೋಕೆ ಏನಾಗಿತ್ತು? ಈಗ್ಲೂ ಅಷ್ಟೇ. ಬೆಳಿಗ್ಗೆ ಇವನಂತೆ, ಸಂಜೆ ಇವಳಂತೆ.”

ಕೋಲನ್ನು ಮುಂದೆ ಚಾಚಿ ಅವನು ಹೊರಟ. ಅಂಗಳ ದಾಟಿದ, ಫುಟ್‌ಪಾತ್ ದಾಟಿದ. ಯಾವುದನ್ನು ಎಲ್ಲಿ ದಾಟಿದೆನೆಂದು ತಿಳಿಯಲು ಅವನ ಕೋಲಿಗೆ ಏನೂ ಸಿಗಲಿಲ್ಲ. ರಸ್ತೆಗಿಳಿದ. ಬ್ರೇಕುಗಳು ಕಿರುಚಿದವು, ಯಾರೋ ಬೈದರು. ಅವನು ಹೆಜ್ಜೆ ನಿಲ್ಲಿಸಲಿಲ್ಲ. ರಸ್ತೆಯ ನಟ್ಟನಡುವೆ ಕೋಲು ಟಕ್ ಎಂದಿತು. ಡಿವೈಡರಿನ ಕಲ್ಲು. ಕೈಯಿಂದ ಸವರಿ ನೋಡಿದ, ಅಂಗಡಿಯ ದಿಕ್ಕಿಗೆ ತಿರುಗಿದ.

“ಅಣ್ಣಾ, ಅದು ರಸ್ತೆ ಮಧ್ಯ ಕಣಣ್ಣ, ವಾಪಸ್ ಬಾ,” ಎಂದು ಮೇಸ್ತ್ರಿ ಕೂಗಿಕೊಂಡ. “ರೀ, ನಿಂತ್ಕೊಳ್ರಿ,” ಎಂದು ಅತ್ತಿಗೆ ಅರಚಿದಳು. ಹಿಂದೆ ಓಡೋಣವೆಂದರೆ ಬಂಕಿಗೆ ನುಗ್ಗುವ ಗಾಡಿಗಳು ಎಲ್ಲ ಕಡೆಯಿಂದಲೂ ಬಂದು ಅವರನ್ನು ಮತ್ತೆ ಮತ್ತೆ ಹಿಂದಕ್ಕೆ ತಳ್ಳುತ್ತಿದ್ದವು. ಎರಡೂ ಬದಿಯಲ್ಲಿ ಲಾರಿ ಬಸ್ಸುಗಳು ಹಾರನ್ ಬಡಿಯುತ್ತ ಓಡುತ್ತಿದ್ದರೆ, ಅಣ್ಣ ತನ್ನ ಎಂದಿನ ನಡಿಗೆಯಲ್ಲೇ, ಕಲ್ಲನ್ನು ತಟ್ಟುತ್ತ ತಟ್ಟುತ್ತ, ನಡುರಸ್ತೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ.